ಬಿದ್ದ ಗಿಡದ ಮುಯ್ಯಿ

ಗಾಳಿಗೆ ಗಿಡ ಬಿದ್ದರೆ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಕಾಣುತ್ತದೆ. ಮಕ್ಕಳಿಗೆ ಹತ್ತಿ ಆಡಲು ಕುದುರೆ ಕಾಣುತ್ತದೆ. ಗಂಡಸರಿಗೆ ಬೊಡ್ಡೆ ಕಾಣುತ್ತದೆ. ಇದರಲ್ಲಿ ಎಷ್ಟು ಹಲಗೆ ಹೊರಟೀತು, ಎಷ್ಟು ದುಡ್ಡು ಬಂದೀತು ಎಂದು ನಿಂತಲ್ಲೇ ಕಣ್ಣಿನಿಂದ ಗರಗಸ ಆಡಿಸುತ್ತಾರೆ. ನಮ್ಮಂಥ ಹೆಣ್ಣುಮಕ್ಕಳಿಗೆ ಮೊದಲು ಕಾಣುವುದು ಅಂಗಳದ ತುಂಬ ಹರಡಿದ ಎಲೆ, ಕಸ, ಮುರಿದ ಟೊಂಗೆ. ಇದನ್ನೆಲ್ಲ ಬಳಿಯುವವರು ಯಾರು ಎಂಬ ಚಿಂತೆ. ಅಂದಹಾಗೆ ನಮ್ಮ ಹಾವೇರಿ ಕಡೆ ಮರಕ್ಕೂ ಗಿಡ ಎಂದೇ ಅನ್ನುವುದು ರೂಢಿ. ಮುಗಿಲಿಗೆ ಮುಟ್ಟಿದ ಹುಣಸೆಯೂ ನಮಗೆ ಗಿಡವೇ.

ನೆರೆಮನೆಯ ಗಿಡ ಬಿದ್ದಾಗ ಅದನ್ನು ಕಡಿದು ತೆಗೆಯುವ ಕೆಲಸ ನಾವು ಮಾಡುವುದು, ಕೂಲಿಯ ಬದಲಿಗೆ ಕಟ್ಟಿಗೆ ಒಯ್ಯುವುದು ಹೊಸ ಸಂಗತಿಯಲ್ಲ. ರೊಕ್ಕ ಕೈ ಬದಲಾಗುವುದಿಲ್ಲ. "ಕೆಲಸ ನಿಮ್ದು, ಕಟಗಿ ನಿಮ್ದು" ಎಂಬ ಒಂದು ಮಾತಿನಲ್ಲಿ ಎಲ್ಲ ಮುಗಿಯುತ್ತದೆ. ಮುಗಿಯುತ್ತದೆ ಎಂದೆನೇ? ಎಷ್ಟೋ ಮನೆಗಳಲ್ಲಿ ಜಗಳ ಶುರುವಾಗುವುದೇ ಆ ಮಾತಿನಿಂದ.

ಹಾವೇರಿ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. ಅದರ ಮರುವರ್ಷ, ಅಂದರೆ 1998ರ ಭರಣಿ ಮಳೆ ನಮ್ಮ ಓಣಿಗೆ ಬಂದದ್ದು ಗಾಳಿಯ ಬೆನ್ನೇರಿ. ಪಕ್ಕದ ಮನೆಯ ಆಯಿಯ ಹಿತ್ತಲಿನ ಬೇವಿನ ಗಿಡ ಬೇರುಸಹಿತ ಉರುಳಿ, ನಮ್ಮ ಇಬ್ಬರ ನಡುವಿನ ಗೋಡೆಯ ಮೇಲೆ ಬಿತ್ತು. ಗೋಡೆಯ ನಾಲ್ಕು ಮೊಳ ಕುಸಿಯಿತು. ಒಂದು ಟೊಂಗೆ ಕರೆಂಟಿನ ತಂತಿಗೆ ಜೋತುಬಿದ್ದಿತ್ತು. ಆಯಿಯ ಯಜಮಾನರು ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಹುಬ್ಬಳ್ಳಿಯಲ್ಲಿ ನೌಕರಿಗಿದ್ದ. ಒಂಟಿ ಹೆಂಗಸಿನ ಮನೆಯಲ್ಲಿ ಗಿಡ ಬಿದ್ದರೆ ಬಿದ್ದದ್ದು ಗಿಡವೊಂದೇ ಅಲ್ಲ. ಬಂದುಹೋಗುವವರ ಸಲಹೆಗಳೂ ಮೈಮೇಲೆ ಬೀಳುತ್ತವೆ.

ಮೊದಲ ಸಲಹೆ ಮಾತ್ರ ಸರಿಯಾದದ್ದಾಗಿತ್ತು. ನಮ್ಮ ಓಣಿಯ ಬಡಿಗೇರ ಕಾಕಾ ಬಂದವರೇ ಎಲ್ಲರನ್ನೂ ಹಿಂದೆ ಸರಿಸಿದರು. "ತಂತಿ ಸತ್ತೈತೋ ಬದುಕೈತೋ ಯಾರ ನೋಡ್ಯಾರ? ಲೈನ್‌ಮನ್ ಬಂದು ಫ್ಯೂಸ್ ತೆಗಿಯೂತನಕ ಎಲಿ ಸೈತ ಮುಟ್ಟಬ್ಯಾಡ್ರಿ" ಎಂದರು. ಆಗ ಕರೆಂಟು ಕೆಇಬಿಯ ಕೈಯಲ್ಲಿತ್ತು, ಈಗ ಹೆಸ್ಕಾಂ. ಹೆಸರು ಬದಲಾದರೂ ಕಾಕಾನ ಮಾತು ಬದಲಾಗಬೇಕಿಲ್ಲ. ಹಸಿ ಟೊಂಗೆಯ ಮೂಲಕ ಕರೆಂಟು ಹರಿಯುತ್ತದೆ ಎಂಬುದನ್ನು ಮನೆಯ ಮಕ್ಕಳಿಗೂ ಹೇಳಿಡಬೇಕು.

ಸಂಜೆಯ ಹೊತ್ತಿಗೆ ಕಟ್ಟಿಗೆಯ ವ್ಯಾಪಾರಿಯೊಬ್ಬ ಚಕ್ಕಡಿ ನಿಲ್ಲಿಸಿ, ಬೊಡ್ಡೆಯನ್ನೊಮ್ಮೆ ಸುತ್ತಿ ಬಂದು, 700 ರೂಪಾಯಿ ಕೊಟ್ಟು ಒಯ್ಯುತ್ತೇನೆಂದ. ಟೊಂಗೆ, ಬೇರು, ಕಸ ಅವನಿಗೆ ಬೇಡ. ಅಂಗಳವನ್ನು ಪೂರ್ತಿ ಖಾಲಿ ಮಾಡಿಕೊಡಲು ಬಂದ ಕಡಿಯುವವರು ತಾವು ಕೇಳಿದಷ್ಟು ಕೂಲಿಯ ಜೊತೆಗೆ ಕಟ್ಟಿಗೆಯೂ ತಮ್ಮದೇ ಎಂದರು. ಆಯಿ ಇಬ್ಬರನ್ನೂ ಕಳಿಸಿ, ಗೋಡೆಯ ಕುಸಿದ ಜಾಗದಲ್ಲಿ ಬಂದು ನಿಂತು ನಮ್ಮವರನ್ನು ಕರೆದಳು.

"ಮಾಸ್ತರ, ನಿಮ್ಮನ್ಯಾಗ ಹಿಂದಿನ ಖೋಲಿ ಕಟ್ಟಾಕತ್ತೀರಿ. ಚೌಕಟ್ಟಿಗೆ ಕಟಗಿ ಬೇಕಲ್ಲ? ಗಿಡ ನೀವ ತೆಗೀರಿ, ಕಟಗಿ ನೀವ ಒಯ್ರಿ. ನನಗ ಅಂಗಳ ಖಾಲಿ ಆದ್ರ ಸಾಕು."

ನಮ್ಮವರ ಮುಖ ಅರಳಿತು. ಅವರು ಆಗಲೇ ಊರಿನಿಂದ ತಮ್ಮನನ್ನು ಕರೆಸುವ ಲೆಕ್ಕ ಹಾಕುತ್ತಿದ್ದರು. ನಾನು ನಡುವೆ ಬಾಯಿ ಹಾಕಿದೆ: "ಆಯಿ, ಹೂಂ ಅನ್ನೂದಕ್ಕಿಂತ ಮೊದ್ಲ ಅಳತಿ ಮಾಡೂಣು. ಏನೇನು ಕೆಲಸ, ಏನೇನು ಕಟಗಿ, ಬರದಿಡೂಣು."

ನಮ್ಮವರು ನನ್ನ ಕಡೆ ನೋಡಿದ ನೋಟವನ್ನು ನೀವು ಊಹಿಸಿಕೊಳ್ಳಬಹುದು. ನೆರೆಹೊರೆಯವರ ನಡುವೆ ಕಾಗದವೇ ಎಂಬುದು ಅದರ ಅರ್ಥ. ಆದರೆ ನಾನು ಬ್ಯಾಡಗಿಯ ಹೆಣ್ಣುಮಗಳು. ಲೆಕ್ಕವನ್ನು ನಾನು ಕಲಿತದ್ದು ಮೆಣಸಿನಕಾಯಿ ಹೊಲದಲ್ಲಿ.

ನನ್ನ ತವರಿನ ಕಡೆ ಕೆಂಪಗೆ ಹಣ್ಣಾದ ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ಕೂಲಿಗೆ ಆಳು ಸಿಗುವುದು ಕಷ್ಟ. ಎಲ್ಲರ ಹೊಲವೂ ಒಮ್ಮೆಗೇ ಕೈಗೆ ಬಂದಿರುತ್ತದೆ. ಆಗ ಹೆಂಗಸರು ಮುಯ್ಯಾಳು ಮಾಡಿಕೊಳ್ಳುತ್ತಿದ್ದರು. ಇವತ್ತು ನಾವು ನಾಲ್ವರು ನಿಮ್ಮ ಹೊಲಕ್ಕೆ ಬಂದರೆ, ನಾಳೆ ನೀವು ನಾಲ್ವರು ನಮ್ಮ ಹೊಲಕ್ಕೆ. ಒಂದು ದಿನಕ್ಕೆ ಒಂದು ದಿನ, ಒಂದು ಕೈಗೆ ಒಂದು ಕೈ. ಮಧ್ಯಾಹ್ನದ ಬುತ್ತಿ ಹೊಲದವರದು. ಯಾರಾದರೂ ಹೊತ್ತು ಏರಿದ ಮೇಲೆ ಬಂದರೆ ಅದು ಅರ್ಧ ದಿನ. ಸಣ್ಣ ಹುಡುಗಿಯನ್ನು ಕಳಿಸಿದರೆ ಅದೂ ಅರ್ಧ. ಓದುಬರಹ ಬಾರದ ನನ್ನ ಅಜ್ಜಿ ಇಡೀ ಸುಗ್ಗಿಯ ಮುಯ್ಯಿ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದಳು. ಸಂಜೆ ಹೊಲ ಬಿಡುವ ಮುಂಚೆ ಎಲ್ಲರೆದುರು ಅದನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಗಟ್ಟಿಯಾಗಿ ಹೇಳಿದ ಲೆಕ್ಕದಲ್ಲಿ ಯಾರಿಗೂ ಅವಮಾನವಿಲ್ಲ, ಹೇಳದೆ ನುಂಗಿದ ಲೆಕ್ಕವೇ ಹೊಟ್ಟೆಯಲ್ಲಿ ಹುಳಿಯಾಗುವುದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಬಣ್ಣದ ಹಿಂದೆ ಇಂಥ ಎಷ್ಟೋ ಕೈಗಳ ಮುಯ್ಯಿ ಇದೆ ಎಂದು ನನಗೆ ಆಗ ಅನಿಸಿತ್ತು.

ಹೀಗೆ ಆಯಿಯ ಕಟ್ಟೆಯ ಮೇಲೆ ನಮ್ಮ ಪಂಚಾಯಿತಿ ಕೂಡಿತು. ಬಡಿಗೇರ ಕಾಕಾ ಅಳತೆಗೆ ನಿಂತರು. ಅಳತೆಯ ಪಟ್ಟಿ ಬೇಡ, ಒಂದು ದಾರ ಸಾಕು ಎಂದರು. ನಾನು ಹೊಲಿಗೆ ಡಬ್ಬಿಯಿಂದ ನೂಲು ತಂದುಕೊಟ್ಟೆ. ಬೊಡ್ಡೆಯ ನಡುಭಾಗಕ್ಕೆ ದಾರ ಸುತ್ತಿ, ಸುತ್ತಳತೆಯಷ್ಟು ಹರಿದು, ಅದನ್ನು ನಾಲ್ಕು ಮಡಿಕೆ ಮಾಡಿದರು. ಸುತ್ತಳತೆ ನಾಲ್ಕು ಅಡಿ ಇದ್ದದ್ದರಿಂದ ಮಡಿಕೆ ಒಂದು ಅಡಿಗೆ ಬಂತು. ಆ ಒಂದು ಅಡಿಯನ್ನು ಒಂದು ಅಡಿಯಿಂದ ಗುಣಿಸಿ, ನೆಟ್ಟಗಿನ ಬೊಡ್ಡೆಯ ಒಂಬತ್ತು ಅಡಿ ಉದ್ದದಿಂದ ಮತ್ತೆ ಗುಣಿಸಿದರೆ 9 ಘನ ಅಡಿ. ದುಂಡು ಕಟ್ಟಿಗೆಯನ್ನು ಅಳೆಯುವ ರೂಢಿಯ ಲೆಕ್ಕ ಇದು. ಶಾಲೆಯ ಲೆಕ್ಕದಲ್ಲಿ ನೋಡಿದರೆ ಅದೇ ಬೊಡ್ಡೆಯಲ್ಲಿ ಸುಮಾರು ಹನ್ನೊಂದೂವರೆ ಘನ ಅಡಿ ಇರುತ್ತದೆ. ನಮ್ಮ ಮಾಸ್ತರರು ಇದನ್ನು ಹೇಳದೆ ಬಿಡಲಿಲ್ಲ. "ಹೌದ್ರಿ ಮಾಸ್ತರ, ತೊಗಟಿ ಹೋಗತೈತಿ, ದುಂಡು ಹೋಗಿ ಚೌಕ ಆಗತೈತಿ, ಗರಗಸದ ಬಾಯಾಗ ಒಂದಿಷ್ಟು ಪುಡಿ ಆಗತೈತಿ. ಅದಕ್ಕ ದಾರ ಮೊದ್ಲ ಕಡಿಮಿ ಹೇಳತೈತಿ" ಎಂದು ಕಾಕಾ ನಕ್ಕರು.

ಬೇವಿನ ಕಟ್ಟಿಗೆ ಸಾಗವಾನಿಯಷ್ಟು ಚೆಂದವಲ್ಲ. ಆದರೆ ಕಹಿ ಇರುವುದರಿಂದ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ನಮ್ಮ ಕಡೆಯ ಬಡ ಮಧ್ಯಮ ಮನೆಗಳ ಬಾಗಿಲು ಚೌಕಟ್ಟುಗಳಲ್ಲಿ ಬೇವು ನಿಂತಿರುವುದು ಈ ಗುಣಕ್ಕೆ.

ಇನ್ನು ಕೆಲಸದ ಪಟ್ಟಿ. ಇಲ್ಲಿ ಆಯಿಯ ಜಾಣತನ ಹೊರಬಿತ್ತು. "ಗಿಡ ತೆಗಿಯೂದಂದ್ರ ಬೊಡ್ಡಿ ಒಯ್ಯೂದಲ್ಲ. ಬೇರು ಕಿತ್ತು, ಕುಣಿ ಮುಚ್ಚಬೇಕು" ಎಂದಳು. ನಮ್ಮ ಮೈದುನ ಮುಖ ಸಣ್ಣದು ಮಾಡಿದ, ಏಕೆಂದರೆ ಕಡಿಯುವ ಕೆಲಸಕ್ಕಿಂತ ಬೇರು ಕೀಳುವ ಕೆಲಸವೇ ದೊಡ್ಡದು. "ಟೊಂಗಿ ಎಲ್ಲಾ ನನ್ನ ನೀರಿನ ಒಲಿ ಅಳತಿಗೆ ಕಡದು ಒಟ್ಟಬೇಕು" ಎಂದಳು. "ನನ್ನ ಹಿತ್ತಲ ಬಾಗಿಲದ ಚೌಕಟ್ಟು ಲಡ್ಡಾಗೇತಿ. ಅದನ್ನ ಇದ ಕಟಗಿಯಾಗ ಮಾಡಿಸಿ ಕೊಡಬೇಕು" ಎಂದೂ ಸೇರಿಸಿದಳು. ಅಂಗಳ ಖಾಲಿಯಾದರೆ ಸಾಕು ಎಂದಿದ್ದವಳು! ಕೇಳುವ ಅವಕಾಶ ಕೊಟ್ಟರೆ ಪ್ರತಿಯೊಬ್ಬ ಹೆಣ್ಣುಮಗಳ ಹೊಟ್ಟೆಯಲ್ಲೂ ಒಂದು ಪಟ್ಟಿ ಇರುತ್ತದೆ. ಕೇಳುವವರಿಲ್ಲದಾಗ "ಅಷ್ಟ ಸಾಕು" ಎನ್ನುವುದು ನಮಗೆ ರೂಢಿಯಾಗಿಬಿಟ್ಟಿದೆ.

ಹಳೆಯ ನೋಟುಬುಕ್ಕಿನ ಹಾಳೆಯಲ್ಲಿ ಎರಡು ಕಲಮು ಮಾಡಿ ಬರೆದೆ. ಎಡಕ್ಕೆ ಬೊಡ್ಡೆ, ವ್ಯಾಪಾರಿ ಹೇಳಿದ ಬೆಲೆಯಂತೆ 700 ರೂಪಾಯಿ. ಬಲಕ್ಕೆ ಮೂರು ಗಂಡಾಳು, ನಾಲ್ಕು ದಿನ, ದಿನಕ್ಕೆ 50ರಂತೆ 600. ಆಯಿಯ ಚೌಕಟ್ಟಿನ ಬಡಿಗತನಕ್ಕೆ 100. ಅಲ್ಲಿಗೆ ಸರಿಸಮ ಆಯಿತೆಂದು ನಮ್ಮವರು ಪೆನ್ನು ಮುಚ್ಚಲು ಹೇಳಿದರು.

"ಊಟ?" ಎಂದಳು ಆಯಿ.

ಮುಯ್ಯಿಯಲ್ಲಿ ಊಟ ಹೊಲದವರದು ಎಂಬುದು ಅವಳಿಗೂ ಗೊತ್ತು. ಆದರೆ ಆ ವಯಸ್ಸಿನಲ್ಲಿ ಮೂವರು ದುಡಿಯುವ ಗಂಡಸರಿಗೆ ನಾಲ್ಕು ದಿನ ರೊಟ್ಟಿ ಬಡಿಯುವ ಶಕ್ತಿ ಅವಳಿಗೆಲ್ಲಿಂದ ಬರಬೇಕು? "ಜ್ವಾಳ ನಂದು, ಕೈ ನಿಂದು. ರೊಟ್ಟಿ ಕೂಲಿ ಅಂತ ಐವತ್ತು ಬರಿ" ಎಂದಳು. ಗಂಡಸರು ನಕ್ಕರು. ಮನೆಯಲ್ಲಿ ದಿನಾ ಬಡಿಯುವ ರೊಟ್ಟಿಗೂ ಕೂಲಿಯೇ? ಆಯಿ ನಗಲಿಲ್ಲ. "ಕೊಡ್ಲಿ ಬೀಸಿದ್ದು ಕೆಲಸ, ರೊಟ್ಟಿ ಬಡಿದದ್ದು ಆಟ ಏನು? ಬರಿ ತಂಗಿ."

ಬರೆದೆ. ಬಲಗಡೆ 750 ಆಯಿತು, ಎಡಗಡೆ 700. ಐವತ್ತು ರೂಪಾಯಿ ಆಯಿಯ ಮೇಲೆ ಬಾಕಿ ಉಳಿಯಿತು. ನಾನು ಬಿಟ್ಟುಬಿಡಿ ಎನ್ನಲು ಹೋದೆ. ಅವಳು ಕೈ ಅಡ್ಡ ಮಾಡಿದಳು. "ಬಿಡಬ್ಯಾಡ. ಅದು ಮಾಸ್ತರಂದಲ್ಲ, ನಿಂದು. ನನ್ನ ಮ್ಯಾಲ ಇರಲಿ. ಎಲ್ಲಾ ಮುಟ್ಟಿಸಿಬಿಟ್ರ ನಾಳಿ ಯಾ ಮಾರಿ ಹೊತ್ತು ಹೆಪ್ಪಿಗೆ ಮಜ್ಜಿಗಿ ಕೇಳಾಕ ಬರ್ಲಿ?"

ಈ ಮಾತನ್ನು ನಾನು ಇವತ್ತಿನ ತನಕ ತೂಗಿ ನೋಡುತ್ತಲೇ ಇದ್ದೇನೆ.

ಕೊಡಲಿ ಹಚ್ಚುವ ಮೊದಲು ನಮ್ಮವರು ಅರಣ್ಯ ಇಲಾಖೆಯ ಕಚೇರಿಗೆ ಅರ್ಜಿ ಕೊಟ್ಟು ಬಂದರು. ನಮ್ಮ ಹಿತ್ತಲ ಗಿಡ ನಮ್ಮದೇ, ಕೇಳುವುದೇನು ಎಂದು ಬಹಳ ಮಂದಿ ತಿಳಿದಿರುತ್ತಾರೆ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸುಬಾಬುಲ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಸತ್ತ, ರೋಗ ಬಿದ್ದ, ಗಾಳಿಗೆ ಉರುಳಿದ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಹೀಗಿರುವಾಗ ಒಂದು ಅರ್ಜಿಗೆ ಸೋಮಾರಿತನ ಮಾಡಿ, ನೆರೆಯವರ ಕಟ್ಟಿಗೆಯ ಜೊತೆಗೆ ತಂಟೆಯನ್ನೂ ಮನೆಗೆ ಹೊತ್ತು ತರುವುದೇಕೆ?

ಕೆಲಸ ನಾಲ್ಕು ದಿನವೇ ಹಿಡಿಯಿತು, ಅದರಲ್ಲಿ ಎರಡು ದಿನ ಬೇರಿನದು. ಬಿದ್ದ ಗಿಡ ನಿಂತ ಗಿಡಕ್ಕಿಂತ ಮೋಸದ್ದು ಎಂದು ನನಗೆ ಗೊತ್ತಾದದ್ದು ಆಗಲೇ. ಮೈಭಾರಕ್ಕೆ ಬಿಲ್ಲಿನಂತೆ ಬಾಗಿ ನೆಲಕ್ಕೆ ಒತ್ತಿಕೊಂಡ ಟೊಂಗೆಯನ್ನು ತಿಳಿಯದೆ ಕಡಿದರೆ ಅದು ಸಿಡಿದು ಮುಖಕ್ಕೆ ಬಡಿಯುತ್ತದೆ. ಬೊಡ್ಡೆಯನ್ನು ಬೇರಿನ ಹತ್ತಿರ ತುಂಡರಿಸಿದಾಗ, ಎದ್ದು ನಿಂತ ಬೇರಿನ ಗಡ್ಡೆ ಮಣ್ಣಿನ ಭಾರಕ್ಕೆ ಮತ್ತೆ ತನ್ನ ಕುಣಿಗೆ ಧೊಪ್ಪನೆ ಮಗುಚುವುದುಂಟು. ಆ ಕುಣಿಯಲ್ಲಿ ಆಡುವ ಮಕ್ಕಳಿದ್ದರೆ? ಕಾಕಾ ನನಗೆ ಒಪ್ಪಿಸಿದ ಕೆಲಸ ಅದೊಂದೇ: "ಹುಡುಗ್ರನ್ನ ಕುಣಿ ಕಡಿ ಬಿಡಬ್ಯಾಡವಾ." ರೊಟ್ಟಿಯ ಜೊತೆಗೆ ಆ ಕಾವಲನ್ನೂ ಕಾದೆ.

ಬೊಡ್ಡೆ ಸಾಮಿಲ್ಲಿಗೆ ಹೋಗಿ ಪಟ್ಟಿಗಳಾಗಿ ಬಂತು. ಹಸಿ ಕಟ್ಟಿಗೆಗೆ ಅವಸರ ಮಾಡಿದರೆ ಚೌಕಟ್ಟು ಸೊಟ್ಟಗಾಗುತ್ತದೆಂದು ಕಾಕಾ ಪಟ್ಟಿಗಳ ನಡುವೆ ಗಾಳಿಯಾಡಲು ಸಣ್ಣ ಚಕ್ಕೆಗಳನ್ನಿಟ್ಟು ನೆರಳಿನಲ್ಲಿ ಒಟ್ಟಿಸಿದರು. ಎಲೆಗಳನ್ನು ಓಣಿಯ ಹೆಂಗಸರು ಹಂಚಿಕೊಂಡರು. ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆ ಕಾಳಿನ ಡಬ್ಬಿಗೆ, ರೇಷ್ಮೆ ಸೀರೆಯ ಪೆಟ್ಟಿಗೆಗೆ ಹುಳ ಬಾರದ ಹಾಗೆ ಕಾವಲಿರುತ್ತದೆ. ಟೊಂಗೆಗಳು ಆಯಿಯ ಹಿತ್ತಲಲ್ಲಿ ಎದೆಮಟ್ಟ ಒಟ್ಟಿಲಾಗಿ ಅವಳ ನೀರಿನ ಒಲೆಗೆ ಮುಂದಿನ ಬೇಸಿಗೆಯವರೆಗೆ ಸಾಲುವಷ್ಟಾದವು.

ಕಟ್ಟಿಗೆ ಎಂದರೆ ಬೊಡ್ಡೆಯೊಂದೇ ಅಲ್ಲ ಎಂಬ ಮಾತಿಗಾಗಿ ನಮ್ಮ ಜಿಲ್ಲೆಯ ಜನ ಬೀದಿಗೂ ಇಳಿದಿದ್ದಾರೆ. 1984ರಲ್ಲಿ ಸರಕಾರವೂ ಹರಿಹರ ಪಾಲಿಫೈಬರ್ಸೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಹಳ್ಳಿಗಳ ಸುತ್ತಲಿನ ಸರಕಾರಿ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟರು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಕಾರ್ಖಾನೆಗೆ ನೀಲಗಿರಿಯ ತಿರುಳು ಬೇಕಿತ್ತು. ಹಳ್ಳಿಯ ಹೆಂಗಸಿಗೆ ಬೇಕಾದದ್ದು ಪುಳ್ಳೆ, ಮೇವು, ಹಣ್ಣು. 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. 'ಕಿತ್ತಿಕೋ ಹಚ್ಚಿಕೋ' ಎಂದು ಆ ಸತ್ಯಾಗ್ರಹಕ್ಕೆ ಹೆಸರು. 1991ರಲ್ಲಿ ಆ ಕಂಪನಿ ಮುಚ್ಚಿತು. ಟನ್ನಿನ ಲೆಕ್ಕದಲ್ಲಿ ಮರ ನೋಡುವವರಿಗೆ ಪುಳ್ಳೆ ಕಸ. ಒಲೆ ಹಚ್ಚುವವಳಿಗೆ ಅದೇ ಸಂಸಾರ.

ಹದಿನೈದು ದಿನಕ್ಕೆ ಆಯಿಯ ಮಗ ಹುಬ್ಬಳ್ಳಿಯಿಂದ ಬಂದ. ಗಿಡವಿದ್ದ ಜಾಗ ಬಯಲಾಗಿದ್ದನ್ನೂ, ನಮ್ಮ ಪಡಸಾಲೆಯಲ್ಲಿ ಪಟ್ಟಿಗಳ ಒಟ್ಟಿಲನ್ನೂ ನೋಡಿದ. "ಅಷ್ಟು ದೊಡ್ಡ ಗಿಡ ಪುಕ್ಕಟ ಕೊಟ್ಟಿ ಏನವ್ವ?" ಎಂದು ಅವನು ಕೇಳಿದ್ದು ಗೋಡೆಯ ಕುಸಿದ ಬಾಯಿಂದ ನಮಗೆ ಸ್ಪಷ್ಟವಾಗಿಯೇ ಕೇಳಿಸಿತು. ನನ್ನ ಎದೆ ಧಸಕ್ಕೆಂದಿತು. ಮಗನಿಗೆ ಕೇಳುವ ಹಕ್ಕಿತ್ತು. ಅವನ ಮನಸ್ಸಿನಲ್ಲಿ ಒಮ್ಮೆ ಸಂಶಯ ಕೂತರೆ, ಒಂಟಿ ತಾಯಿಗೆ ಹಗಲುರಾತ್ರಿ ಆಸರೆಯಾದ ಪಕ್ಕದ ಮನೆ ಅವಳಿಗೆ ಇಲ್ಲವಾಗುತ್ತಿತ್ತು. ಆಯಿ ಏನೂ ಮಾತಾಡದೆ ದೇವರ ಜಗಲಿಯಿಂದ ಆ ಹಾಳೆ ತಂದು ಅವನ ಕೈಗಿಟ್ಟಳು. ಅವನು ಓದಿದ. ಹಿತ್ತಲಿಗೆ ಹೋಗಿ ಮುಚ್ಚಿದ ಕುಣಿಯನ್ನು, ಕಟ್ಟಿಗೆಯ ಒಟ್ಟಿಲನ್ನು ನೋಡಿ ಬಂದ. "ಇಲ್ಲಿ ರೊಟ್ಟಿ ಕೂಲಿ ಐವತ್ತು ಬಾಕಿ ಅಂತೈತಲ್ಲ, ನಾ ಕೊಟ್ಟು ಹೋಗ್ಲೇನು?" ಎಂದ.

"ಅದರ ಉಸಾಬರಿ ನಿನಗ ಬ್ಯಾಡ. ಅದು ನಮ್ಮಿಬ್ಬರ ನಡುವಿಂದು" ಎಂದಳು ಆಯಿ. ಮರುದಿನ ಮಗ ನಮ್ಮವರ ಜೊತೆ ನಿಂತು ಗೋಡೆಯ ಕಲ್ಲು ಏರಿಸಿದ. ಕಟ್ಟುವಾಗ ಹೆಂಗಸರಿಬ್ಬರ ಹೇಳಿಕೆಯ ಮೇರೆಗೆ ಒಬ್ಬರು ದಾಟುವಷ್ಟು ಕಿಂಡಿ ಬಿಟ್ಟರು. ಹೊಸ ಬೇವಿನ ಸಸಿಯನ್ನು ಗೋಡೆಯಿಂದ ದೂರ ಹಚ್ಚಲಾಯಿತು. ಆ ಐವತ್ತು ರೂಪಾಯಿ ಹಪ್ಪಳವಾಗಿ, ಶಾವಿಗೆಯಾಗಿ, ನನ್ನ ಮಗಳಿಗೆ ಜ್ವರ ಬಂದಾಗ ರಾತ್ರಿಯಿಡೀ ಕಾದ ಕಣ್ಣಾಗಿ ಎಷ್ಟೋ ಸಲ ತೀರಿತು. ನಾವು ತೀರಿತೆಂದು ಮಾತ್ರ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಎಲ್ಲ ಕಡೆ ಹೀಗಾಗುವುದಿಲ್ಲ. ರಾಣೆಬೆನ್ನೂರಿನಲ್ಲಿರುವ ನನ್ನ ತಂಗಿಯ ಓಣಿಯಲ್ಲಿ ಒಂದು ಹುಣಸೆ ಬಿತ್ತು. ಅಲ್ಲಿಯೂ ಅದೇ ಮಾತು: "ಕಡಕೊಂಡು ಒಯ್ರಿ." ಒಯ್ದರು, ಬೊಡ್ಡೆ ಮತ್ತು ದಪ್ಪ ಟೊಂಗೆಗಳನ್ನು. ಹುಣಸೆಯ ಬೊಡ್ಡೆ ಗಟ್ಟಿ, ಮಾಂಸದಂಗಡಿಯ ಕೊಚ್ಚುಗುಂಡಿಗೆ ಅದಕ್ಕೆ ಬೇಡಿಕೆ ಇದೆ. ಉಳಿದ ಕಸವೂ ಬೇರೂ ಹಿತ್ತಲಲ್ಲೇ ಬಿದ್ದಿದ್ದವು. "ಗಿಡ ತೆಗೀತೇವಿ ಅಂದಿದ್ರಲ್ಲ" ಎಂದು ಇವರು, "ಕಡಿತೇವಿ ಅಂದಿದ್ವಿ, ಬಳಿತೇವಿ ಅಂದಿದ್ದಿಲ್ಲ" ಎಂದು ಅವರು. ಎರಡೂ ಮನೆಯವರು ಕೆಟ್ಟವರಲ್ಲ, ಇಬ್ಬರೂ ತಮಗೆ ತಿಳಿದ ಮಾತಿಗೇ ನಿಂತಿದ್ದರು. ಆ ವರ್ಷದ ಗೌರಿಗೆ ಅರಿಶಿಣ ಕುಂಕುಮಕ್ಕೆ ಕರೆಯುವುದು ನಿಂತಿತು. ಮಳೆಗೆ ಆ ಕಸ ಕೊಳೆತು ಗೊಬ್ಬರವಾಯಿತು, ಮಾತು ಮಾತ್ರ ಮತ್ತೆ ಚಿಗುರಲಿಲ್ಲ.

ನಮ್ಮ ಭಾಷೆ ಎಷ್ಟು ಸೂಕ್ಷ್ಮವಾದದ್ದು ನೋಡಿ. ಹೊಲದಲ್ಲಿ ಒಬ್ಬರಿಗೊಬ್ಬರು ದುಡಿದುಕೊಡುವುದಕ್ಕೂ ಮುಯ್ಯಿ ಎನ್ನುತ್ತೇವೆ, ಮದುವೆಯಲ್ಲಿ ಕೊಟ್ಟು ತೆಗೆದುಕೊಳ್ಳುವ ಉಡುಗೊರೆಗೂ ಮುಯ್ಯಿ ಎನ್ನುತ್ತೇವೆ, ಸೇಡು ತೀರಿಸುವುದಕ್ಕೂ 'ಮುಯ್ಯಿಗೆ ಮುಯ್ಯಿ' ಎಂದೇ ಹೇಳುತ್ತೇವೆ. ಕೊಟ್ಟದ್ದು ತಿರುಗಿ ಬರುತ್ತದೆ ಎಂಬುದಷ್ಟೇ ಆ ಮಾತಿನ ಒಳಗಿರುವ ಅರ್ಥ. ಪ್ರೀತಿಯಾಗಿ ಬರುತ್ತದೋ ಸಿಟ್ಟಾಗಿ ಬರುತ್ತದೋ ಎಂಬುದು ಕೊಡುವಾಗ ಲೆಕ್ಕ ಎಷ್ಟು ತಿಳಿಯಾಗಿತ್ತು ಎಂಬುದರ ಮೇಲೆ ನಿಂತಿದೆ.

ಈಗ ಊರುಗಳಲ್ಲಿ ಗ್ಯಾಸು ಬಂದಿದೆ, ಬಚ್ಚಲಿಗೆ ಸೋಲಾರ್ ನೀರು ಬಂದಿದೆ. ಯಂತ್ರದ ಗರಗಸ ಹಿಡಿದು ಬಂದವರು ಒಂದು ಮಧ್ಯಾಹ್ನದಲ್ಲಿ ಗಿಡ ತುಂಡರಿಸಿ, ರೊಕ್ಕವನ್ನೂ ಕಟ್ಟಿಗೆಯನ್ನೂ ಒಯ್ಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ರೊಕ್ಕ ಕೊಟ್ಟರೆ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಆದರೆ ನೆರೆಯವರೊಡನೆ ಕೆಲಸಕ್ಕೆ ಕಟ್ಟಿಗೆ ಎಂಬ ಒಪ್ಪಂದ ಮಾಡುವ ಸಂದರ್ಭ ನಿಮಗೆ ಬಂದರೆ, ಬೊಡ್ಡೆ ಎಷ್ಟು, ಬೇರು ಯಾರದು, ಟೊಂಗೆ ಯಾರಿಗೆ, ಕಸ ಬಳಿಯುವವರು ಯಾರು ಎಂದು ಕೊಡಲಿ ಏಳುವ ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಿ. ರೊಟ್ಟಿ ಬಡಿದ ಕೈಯನ್ನೂ ಆ ಹಾಳೆಯಲ್ಲಿ ಬರೆಯಿರಿ. ಎಲ್ಲ ಬರೆದಾದ ಮೇಲೆ, ಇಬ್ಬರಿಗೂ ಗೊತ್ತಿರುವ ಹಾಗೆ, ಸಣ್ಣದೊಂದು ಬಾಕಿ ಉಳಿಸಿಕೊಳ್ಳಿ.